ಮೊಸರು, ನಾರು ಮತ್ತು ದೊಡ್ಡ ಕರುಳು



“ದಿನಾ ಮೊಸರು ತಿಂದರೆ ಕರುಳಿನ ಕ್ಯಾನ್ಸರ್ ಬರೋದಿಲ್ಲವಂತೆ, ಹೌದಾ ಡಾಕ್ಟ್ರೇ?” ಹೊಟ್ಟೆಯ ಕಾಯಿಲೆ ನೋಡುವ ವೈದ್ಯರಿಗೆಲ್ಲ ಈ ಪ್ರಶ್ನೆ ಹಳೆಯದು. ಈಚೆಗೆ ಮೊಸರಿನ ಜಾಗಕ್ಕೆ ಪ್ರೊಬಯಾಟಿಕ್ ಎಂಬ ಹೆಸರು ಬಂದಿದೆ, ಅಷ್ಟೆ. ಅಂಗಡಿಯಲ್ಲಿ ಪುಟ್ಟ ಬಾಟಲಿ ಸಿಗುತ್ತದೆ. ಔಷಧದಂಗಡಿಯಲ್ಲಿ ಕ್ಯಾಪ್ಸೂಲ್ ಸಿಗುತ್ತದೆ. ಎರಡರ ಮೇಲೂ ಒಳ್ಳೆಯ ಬ್ಯಾಕ್ಟೀರಿಯಾದ ಭರವಸೆ ಇರುತ್ತದೆ. ಈ ಒಳ್ಳೆಯ ಬ್ಯಾಕ್ಟೀರಿಯಾ ದೊಡ್ಡ ಕರುಳಿನ ಕ್ಯಾನ್ಸರನ್ನು ತಡೆಯಬಲ್ಲವೇ? ಇವತ್ತಿನ ಮಾತು ಪೂರ್ತಿ ಈ ಒಂದು ಪ್ರಶ್ನೆಯ ಮೇಲೆ.

ಮೊದಲು ಜಾಗ ತಿಳಿಯೋಣ. ರೇಡಿಯೊದಲ್ಲಿ ಚಿತ್ರ ತೋರಿಸಲಾರೆ. ಆದ್ದರಿಂದ ನಿಮ್ಮ ಕೈಯನ್ನೇ ಬಳಸಿ. ಬಲಗೈಯನ್ನು ಹೊಟ್ಟೆಯ ಬಲಗಡೆ, ಸೊಂಟದ ಮೂಳೆಯ ಪಕ್ಕದಲ್ಲಿ ಇಡಿ. ದೊಡ್ಡ ಕರುಳು ಶುರುವಾಗುವುದು ಅಲ್ಲಿ. ಕೈಯನ್ನು ನೇರ ಮೇಲಕ್ಕೆ, ಪಕ್ಕೆಲುಬು ತಗಲುವ ತನಕ ಒಯ್ಯಿರಿ. ಅಲ್ಲಿಂದ ಅಡ್ಡಕ್ಕೆ, ಎಡ ಪಕ್ಕೆಯವರೆಗೆ ಬನ್ನಿ. ಈಗ ಎಡಗಡೆಯಲ್ಲೇ ಕೆಳಗಿಳಿಸಿ. ಆಮೇಲೆ ಕರುಳು ನಡುವಿಗೆ ಬಂದು, ಹಿಂದಕ್ಕೆ ಸರಿದು, ಗುದನಾಳವಾಗಿ ಮುಗಿಯುತ್ತದೆ. ಒಟ್ಟು ಉದ್ದ ಸುಮಾರು ಐದು ಅಡಿ.

ಇದರ ಒಳಗೋಡೆಯ ಮೇಲೊಂದು ತೆಳು ಪದರ ಇದೆ. ಆ ಪದರದ ಕೋಶಗಳು ನಾಲ್ಕೈದು ದಿನಕ್ಕೊಮ್ಮೆ ಉದುರಿ ಹೊಸದಾಗಿ ಹುಟ್ಟುತ್ತವೆ. ಇಷ್ಟು ಬೇಗ ಬೇಗ ಹುಟ್ಟುವಲ್ಲಿ ಒಮ್ಮೊಮ್ಮೆ ತಪ್ಪಾಗುತ್ತದೆ. ತಪ್ಪಾದ ಕೋಶ ಒಂದು ಸಣ್ಣ ಗಂಟು ಕಟ್ಟುತ್ತದೆ. ವೈದ್ಯರು ಅದಕ್ಕೆ ಪಾಲಿಪ್ ಎನ್ನುತ್ತಾರೆ. ಬಹುತೇಕ ಪಾಲಿಪ್‌ಗಳು ಯಾವ ತಂಟೆಗೂ ಹೋಗದೆ ಇದ್ದಲ್ಲೇ ಇರುತ್ತವೆ. ಕೆಲವು ಮಾತ್ರ ಒಂದರ ಮೇಲೊಂದು ತಪ್ಪು ಸೇರಿಸಿಕೊಂಡು ಕ್ಯಾನ್ಸರ್ ಆಗುತ್ತವೆ. ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು. ಈ ಹತ್ತು ವರ್ಷ ನೆನಪಿರಲಿ. ತಡೆಯುವ ಮಾತು ಬರುವುದೇ ಈ ಅವಧಿ ಇರುವುದರಿಂದ.

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 19 ಲಕ್ಷ ಜನರಿಗೆ ಈ ಕ್ಯಾನ್ಸರ್ ಹೊಸದಾಗಿ ಬರುತ್ತದೆ. ಸುಮಾರು 9 ಲಕ್ಷ ಜನ ಸಾಯುತ್ತಾರೆ. ಭಾರತದಲ್ಲಿ ಹೊಸ ರೋಗಿಗಳ ಸಂಖ್ಯೆ ವರ್ಷಕ್ಕೆ 70 ಸಾವಿರದ ಆಸುಪಾಸು. ನಮ್ಮ ಜನಸಂಖ್ಯೆಗೆ ಇದು ಕಡಿಮೆಯೇ. ಅಮೆರಿಕ, ಯುರೋಪು, ಜಪಾನುಗಳಲ್ಲಿ ಪ್ರಮಾಣ ಹಲವು ಪಟ್ಟು ಹೆಚ್ಚು. ನಮ್ಮಲ್ಲಿ ಯಾಕೆ ಕಡಿಮೆ? ಒಂದು ದೇಶದಿಂದ ಇನ್ನೊಂದು ದೇಶಕ್ಕೆ ವಲಸೆ ಹೋದವರಲ್ಲಿ, ಒಂದೆರಡು ತಲೆಮಾರಿನೊಳಗೆ ಹೊಸ ದೇಶದ ಪ್ರಮಾಣವೇ ಕಾಣಿಸುತ್ತದೆ. ಜಪಾನಿನಿಂದ ಹವಾಯಿಗೆ ಹೋದವರಲ್ಲಿ ಹೀಗೆ ಆಯಿತು. ರಕ್ತ ಅದೇ, ಊಟ ಬದಲಾಗಿತ್ತು. ಅಂದಮೇಲೆ ತಟ್ಟೆಯಲ್ಲಿ ಏನೋ ಇದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಕ್ಯಾನ್ಸರ್ ನಿಧಾನವಾಗಿ, ಪಾಲಿಪ್ ಮೂಲಕ ಬರುತ್ತದೆ. ಊಟಕ್ಕೂ ಅದಕ್ಕೂ ನಂಟಿದೆ. ಈಗ, ಆ ಊಟವನ್ನು ನಮ್ಮ ಜೊತೆ ಹಂಚಿಕೊಳ್ಳುವವರ ವಿಚಾರ.

ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಲೆಕ್ಕ ಹಾಕಲಾಯಿತು. ನಮ್ಮ ಕೋಶಗಳ ಹತ್ತರಷ್ಟು ಬ್ಯಾಕ್ಟೀರಿಯಾ ಇವೆ ಎಂಬ ಹಳೆಯ ಮಾತನ್ನು ನೀವು ಕೇಳಿರಬಹುದು. ಅದು ಉತ್ಪ್ರೇಕ್ಷೆ. ಸಂಖ್ಯೆ ಹೆಚ್ಚುಕಡಿಮೆ ಸಮ. ಎಲ್ಲ ಸೇರಿದರೆ ತೂಕ ಕಾಲು ಕೆಜಿಯೂ ಆಗದು. ಅವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಚಿಕ್ಕ ಕರುಳು ಜೀರ್ಣಿಸಲಾಗದೆ ಬಿಟ್ಟಿದ್ದೇ ಅವುಗಳ ಊಟ. ಸೊಪ್ಪಿನ ನಾರು, ಕಾಳಿನ ಸಿಪ್ಪೆ, ರಾಗಿಯ ಹೊಟ್ಟು, ಇಂಥವು.

ಈ ನಾರನ್ನು ಅವು ಹುದುಗಿಸುತ್ತವೆ. ಆಗ ಕೆಲವು ಆಮ್ಲಗಳು ಹುಟ್ಟುತ್ತವೆ. ಅವುಗಳಲ್ಲಿ ಒಂದರ ಹೆಸರು ಬ್ಯೂಟಿರೇಟ್. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಬಹುಪಾಲು ಶಕ್ತಿ ಸಿಗುವುದು ಇದರಿಂದಲೇ. ಇದೇ ಬ್ಯೂಟಿರೇಟ್ ಉರಿಯೂತವನ್ನು ತಗ್ಗಿಸುತ್ತದೆ. ದಾರಿ ತಪ್ಪಿದ ಕೋಶ ತಾನಾಗಿ ಸಾಯುವಂತೆ ಮಾಡುತ್ತದೆ. ಪ್ರಯೋಗಾಲಯದಲ್ಲಿ ಇದು ಮತ್ತೆ ಮತ್ತೆ ಕಂಡಿದೆ.

ಎಲ್ಲ ಬ್ಯಾಕ್ಟೀರಿಯಾಗಳೂ ಹೀಗೆ ಉಪಕಾರಿಗಳಲ್ಲ. ನಮ್ಮ ಬಾಯಲ್ಲಿ, ಒಸಡಿನ ಸಂದಿಯಲ್ಲಿ ಫ್ಯೂಸೊಬ್ಯಾಕ್ಟೀರಿಯಂ ಎಂಬುದು ಇರುತ್ತದೆ. 2012ರ ಸುಮಾರಿಗೆ ಅಮೆರಿಕ ಮತ್ತು ಕೆನಡಾದ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ಕರುಳಿನ ಕ್ಯಾನ್ಸರ್ ಗಂತಿಯೊಳಗೆ ಕಂಡವು. ಬಾಯಲ್ಲಿರಬೇಕಾದದ್ದು ಅಲ್ಲಿ ಏನು ಮಾಡುತ್ತಿತ್ತು? ಅದು ಗಂತಿಗೆ ಅಂಟಿಕೊಂಡು ಬೆಳವಣಿಗೆಗೆ ಕುಮ್ಮಕ್ಕು ಕೊಡುತ್ತದೆ ಎಂದು ಆಮೇಲಿನ ಸಂಶೋಧನೆಗಳು ಹೇಳಿದವು. ಇನ್ನೊಂದು, ಇ. ಕೋಲೈ. ಇದು ಎಲ್ಲರ ಕರುಳಲ್ಲೂ ಇರುವಂಥದ್ದು. ಆದರೆ ಇದರ ಕೆಲವು ತಳಿಗಳು ಕೊಲಿಬ್ಯಾಕ್ಟಿನ್ ಎಂಬ ವಿಷ ತಯಾರಿಸುತ್ತವೆ. ಆ ವಿಷ ನೇರವಾಗಿ ನಮ್ಮ ಡಿಎನ್‌ಎಗೆ ಹೋಗಿ ಕೂಡುತ್ತದೆ. ಅಲ್ಲಿ ತನ್ನದೇ ಆದ ಗುರುತು ಬಿಡುತ್ತದೆ.

2025ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. 11 ದೇಶಗಳ ಸುಮಾರು ಸಾವಿರ ರೋಗಿಗಳ ಗಂತಿಗಳನ್ನು ಅದರಲ್ಲಿ ಪರೀಕ್ಷಿಸಿದ್ದರು. 70 ದಾಟಿದ ಮೇಲೆ ಕ್ಯಾನ್ಸರ್ ಬಂದವರಿಗೆ ಹೋಲಿಸಿದರೆ, 40ರೊಳಗೆ ಬಂದವರಲ್ಲಿ ಈ ಗುರುತು ಮೂರು ಪಟ್ಟಿಗಿಂತ ಹೆಚ್ಚು ಸಾಮಾನ್ಯವಾಗಿತ್ತು. ಆ ಗುರುತು ಬಿದ್ದದ್ದು ಬಾಲ್ಯದಲ್ಲೇ, ಬದುಕಿನ ಮೊದಲ ಹತ್ತು ವರ್ಷಗಳೊಳಗೇ ಇರಬಹುದು ಎಂಬುದು ಆ ತಂಡದ ಅಂದಾಜು. ಹಲವು ದೇಶಗಳಲ್ಲಿ ಚಿಕ್ಕ ವಯಸ್ಸಿನವರಿಗೆ ಈ ಕ್ಯಾನ್ಸರ್ ಹೆಚ್ಚುತ್ತಿದೆ. ಅದಕ್ಕೆ ಸಿಕ್ಕ ಗಟ್ಟಿ ಸುಳಿವುಗಳಲ್ಲಿ ಇದೂ ಒಂದು.

ಹಾಗಾದರೆ ಕರುಳಿನಲ್ಲಿ ಕಾಪಾಡುವವೂ ಇವೆ, ಕೆಡಿಸುವವೂ ಇವೆ. ಇಷ್ಟು ಸ್ಪಷ್ಟ. ಇಲ್ಲಿಂದ ಯಾರಿಗಾದರೂ ಒಂದು ಯೋಚನೆ ಬಂದೇ ಬರುತ್ತದೆ. ಕಾಪಾಡುವವನ್ನು ಹೊರಗಿನಿಂದ ಕಳಿಸಿದರೆ ಆಯಿತಲ್ಲ?

ಈ ಯೋಚನೆಗೆ ನೂರು ವರ್ಷ ದಾಟಿದೆ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಇಲ್ಯಾ ಮೆಚ್ನಿಕಾಫ್ ಎಂಬ ರಷ್ಯನ್ ವಿಜ್ಞಾನಿ ಇದ್ದರು. ರೋಗನಿರೋಧಕ ಶಕ್ತಿಯ ಬಗೆಗಿನ ಕೆಲಸಕ್ಕಾಗಿ 1908ರಲ್ಲಿ ನೊಬೆಲ್ ಹಂಚಿಕೊಂಡವರು. ದೊಡ್ಡ ಕರುಳಿನಲ್ಲಿ ಕೊಳೆಯುವ ಪದಾರ್ಥದಿಂದಲೇ ಮುಪ್ಪು ಬರುತ್ತದೆ ಎಂದು ಅವರು ನಂಬಿದ್ದರು. ಬಲ್ಗೇರಿಯಾದ ಹಳ್ಳಿಗರು ಹುಳಿ ಹಾಲು ಕುಡಿದು ಬಹುಕಾಲ ಬದುಕುತ್ತಾರೆ ಎಂಬ ಮಾತು ಅವರ ಕಿವಿಗೆ ಬಿತ್ತು. ಆ ಹುಳಿ ಹಾಲಿನ ಬ್ಯಾಕ್ಟೀರಿಯಾವನ್ನು ಸ್ಟಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯಾದ ಯುವಕ 1905ರಲ್ಲಿ ಗುರುತಿಸಿದ್ದ. ಮೆಚ್ನಿಕಾಫ್ ದಿನಾ ಹುಳಿ ಹಾಲು ಕುಡಿದರು, ಊರಿಗೆಲ್ಲ ಹೇಳಿದರು. ತೀರಿಕೊಂಡಾಗ ಅವರಿಗೆ 71. ಅದೇ ಕಾಲದಲ್ಲಿ ಲಂಡನ್ನಿನ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬರೀ ಮಲಬದ್ಧತೆ ಎಂದು ಬಂದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದರು! ಅದಕ್ಕೆ ಹೋಲಿಸಿದರೆ ಒಂದು ಲೋಟ ಹುಳಿ ಹಾಲು ಎಷ್ಟೋ ವಾಸಿ.

ಜಪಾನಿನಲ್ಲಿ ಮಿನೊರು ಶಿರೊಟ ಎಂಬ ವೈದ್ಯ 1930ರಲ್ಲಿ ಒಂದು ಲ್ಯಾಕ್ಟೊಬ್ಯಾಸಿಲಸ್ ತಳಿಯನ್ನು ಆರಿಸಿದರು. ಹೊಟ್ಟೆಯ ಆಮ್ಲವನ್ನೂ ಪಿತ್ತರಸವನ್ನೂ ದಾಟಿ ಜೀವಂತವಾಗಿ ದೊಡ್ಡ ಕರುಳು ಮುಟ್ಟುವ ತಳಿ ಅದು. 1935ರಲ್ಲಿ ಅದೇ ಯಾಕುಲ್ಟ್ ಪಾನೀಯವಾಗಿ ಮಾರಾಟಕ್ಕೆ ಬಂತು. ಈ ಶಿರೊಟ ತಳಿಯ ಹೆಸರು ಮರೆಯಬೇಡಿ. ಈಗಲೇ ಮತ್ತೆ ಬರುತ್ತದೆ.

ಪ್ರೊಬಯಾಟಿಕ್ ಎಂದು ಯಾವುದಕ್ಕೆ ಹೇಳಬೇಕು? 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ತಜ್ಞರು ಕೂತು ತೀರ್ಮಾನಿಸಿದರು. ಸೂಕ್ಷ್ಮಜೀವಿ ಜೀವಂತ ಇರಬೇಕು. ಸಾಕಷ್ಟು ಪ್ರಮಾಣದಲ್ಲಿ ಇರಬೇಕು. ತಿಂದವರ ಆರೋಗ್ಯಕ್ಕೆ ಅದರಿಂದ ಲಾಭ ಆಗಬೇಕು. ಮೂರೂ ಕೂಡಿದರೆ ಮಾತ್ರ ಆ ಹೆಸರು.

ಈಗ ನೇರ ಪ್ರಶ್ನೆಗೆ ಬರೋಣ. ಇವು ಕ್ಯಾನ್ಸರ್ ತಡೆದದ್ದು ಎಲ್ಲಿ ಕಂಡಿದೆ?

ಇಲಿಗಳಲ್ಲಿ ಧಾರಾಳವಾಗಿ ಕಂಡಿದೆ. ಹಾಂಕಾಂಗಿನ ಸಂಶೋಧಕರು ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಎಂಬ ಬ್ಯಾಕ್ಟೀರಿಯಾವನ್ನು ನೋಡಿದರು. ಮೊಸರಿನಲ್ಲಿ ಸಾಮಾನ್ಯವಾಗಿ ಇರುವಂಥದ್ದು ಇದು. ಕರುಳಿನ ಕ್ಯಾನ್ಸರ್ ಇದ್ದವರ ಮಲದಲ್ಲಿ ಇದು ಕಡಿಮೆ ಇತ್ತು. ಇಲಿಗಳಿಗೆ ಇದನ್ನು ಕೊಟ್ಟಾಗ ಗಂತಿಗಳು ಕಡಿಮೆಯಾದವು. ಹಾಲಿನ ಸಕ್ಕರೆಯನ್ನು ಒಡೆಯುವ ಒಂದು ಕಿಣ್ವವನ್ನು ಅದು ಹೊರಹಾಕುತ್ತದೆ. ಕೆಲಸ ಮಾಡಿದ್ದು ಆ ಕಿಣ್ವ. ಚಂದದ ಸಂಶೋಧನೆ. ಆದರೆ ಇಲಿಗೆ ಆದದ್ದೆಲ್ಲ ಮನುಷ್ಯರಿಗೆ ಆಗಿದ್ದರೆ ನಮ್ಮಲ್ಲಿ ಅರ್ಧ ಕಾಯಿಲೆಗಳು ಇವತ್ತು ಇರುತ್ತಿರಲಿಲ್ಲ.

ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ನಾನು ಬಹಳ ಬೆಲೆ ಕೊಡುವುದು ಜಪಾನಿನ ಒಂದಕ್ಕೆ. 2005ರಲ್ಲಿ ಪ್ರಕಟವಾದದ್ದು. ಕರುಳಿನಿಂದ ಕನಿಷ್ಠ ಎರಡು ಗಂತಿ ತೆಗೆಸಿಕೊಂಡ ಸುಮಾರು 400 ಜನರನ್ನು ಆರಿಸಿದರು. ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಗೋಧಿ ತೌಡು. ಒಂದಕ್ಕೆ ಶಿರೊಟ ತಳಿ. ಒಂದಕ್ಕೆ ಎರಡೂ. ಇನ್ನೊಂದಕ್ಕೆ ಎರಡೂ ಇಲ್ಲ. ಎರಡು ವರ್ಷವಾದ ಮೇಲೆ ಒಮ್ಮೆ, ನಾಲ್ಕು ವರ್ಷವಾದ ಮೇಲೆ ಇನ್ನೊಮ್ಮೆ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಏನು ಕಂಡಿತು? ಹೊಸ ಗಂತಿಗಳ ಒಟ್ಟು ಸಂಖ್ಯೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಆದರೆ ಕ್ಯಾನ್ಸರಿನತ್ತ ವಾಲುವ ಲಕ್ಷಣ ಹೆಚ್ಚಿರುವ ಗಂತಿಗಳಿದ್ದವಲ್ಲ, ಅವು ಶಿರೊಟ ತಳಿ ಸೇವಿಸಿದವರಲ್ಲಿ ಕಡಿಮೆ ಇದ್ದವು. ಗೋಧಿ ತೌಡಿನ ಗುಂಪಿನಲ್ಲಿ ದೊಡ್ಡ ಗಂತಿಗಳು ಹೆಚ್ಚಿದ್ದವು. ತೌಡು ತಿಂದವರಿಗೆ ಹೀಗಾದದ್ದು ಯಾರೂ ನಿರೀಕ್ಷಿಸದ ವಿಷಯ.

ಯುರೋಪಿನಲ್ಲಿ 2007ರಲ್ಲಿ ಇನ್ನೊಂದು ಪರೀಕ್ಷೆಯ ಫಲ ಹೊರಬಂತು. 80 ಜನ, 12 ವಾರ. ಎರಡು ಬಗೆಯ ಬ್ಯಾಕ್ಟೀರಿಯಾ, ಜೊತೆಗೆ ಅವುಗಳಿಗೆ ಬೇಕಾದ ನಾರು. ಕರುಳಿನ ಕೋಶಗಳು ಅತಿಯಾಗಿ ಹುಟ್ಟುವುದು ತಗ್ಗಿತು. ಡಿಎನ್‌ಎಗೆ ಆಗುವ ಹಾನಿಯೂ ತಗ್ಗಿತು. ಇದು ಒಳ್ಳೆಯ ಸೂಚನೆ. ಆದರೆ ಗಮನಿಸಿ, ಅಳೆದದ್ದು ಸೂಚನೆಯನ್ನು. ಕ್ಯಾನ್ಸರ್ ಬಂತೋ ಇಲ್ಲವೋ ಎಂದು 12 ವಾರದಲ್ಲಿ ಅಳೆಯಲಾಗದು.

ಇನ್ನು ಮೊಸರು. ಇಟಲಿಯಲ್ಲಿ 45 ಸಾವಿರ ಜನರನ್ನು 12 ವರ್ಷ ಹಿಂಬಾಲಿಸಿ ನೋಡಿದರು. ಮೊಸರು ಹೆಚ್ಚು ತಿಂದವರಲ್ಲಿ ಈ ಕ್ಯಾನ್ಸರ್ ಕಡಿಮೆ ಇತ್ತು. ಗಂಡಸರಲ್ಲಿ ಆ ವ್ಯತ್ಯಾಸ ಇನ್ನೂ ಎದ್ದು ಕಂಡಿತು. ಅಮೆರಿಕದಲ್ಲಿ 2020ರಲ್ಲಿ ಇಂಥದ್ದೇ ಇನ್ನೊಂದು ವರದಿ. ವಾರಕ್ಕೆ ಎರಡು ಸಲವಾದರೂ ಮೊಸರು ತಿಂದ ಗಂಡಸರಲ್ಲಿ ಪಾಲಿಪ್‌ಗಳು ಐದರಲ್ಲೊಂದು ಪಾಲು ಕಡಿಮೆ. ಹೆಂಗಸರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇಂಥ ಲೆಕ್ಕಗಳಲ್ಲಿ ಒಂದು ತೊಡಕು ಸದಾ ಇರುತ್ತದೆ. ಆ ದೇಶಗಳಲ್ಲಿ ಮೊಸರು ತಿನ್ನುವವರು ಸಾಮಾನ್ಯವಾಗಿ ಸಿಗರೇಟು ಕಡಿಮೆ ಸೇದುತ್ತಾರೆ, ನಡೆದಾಡುತ್ತಾರೆ, ಹಣ್ಣು ತರಕಾರಿ ತಿನ್ನುತ್ತಾರೆ. ಲೆಕ್ಕದಲ್ಲಿ ಅದನ್ನೆಲ್ಲ ಕಳೆಯಲು ನೋಡುತ್ತಾರೆ. ಪೂರ್ತಿ ಕಳೆಯುವುದು ಕಷ್ಟ.

ಒಂದು ಕ್ಷಣ ನಿಂತು ಹಿಂದಿರುಗಿ ನೋಡೋಣ. ಇಲಿಗಳಲ್ಲಿ ಫಲ ಚೆನ್ನಾಗಿದೆ. ಮನುಷ್ಯರಲ್ಲಿ ಸೂಚನೆಗಳಿವೆ, ಆಶೆಗೆ ಕಾರಣವಿದೆ. ಆದರೆ ಪ್ರೊಬಯಾಟಿಕ್ ಕೊಟ್ಟು ಕ್ಯಾನ್ಸರ್ ಬರುವುದನ್ನೇ ತಡೆದೆವು ಎಂದು ತೋರಿಸಿದ ದೊಡ್ಡ ಪರೀಕ್ಷೆ ಇಲ್ಲ. ಬಾಟಲಿಯ ಮೇಲೆ ಹಾಗೆಂದು ಬರೆದಿದ್ದರೆ ನಂಬಬೇಡಿ.

ಇನ್ನೊಂದು ಸಂಗತಿ ಇದೆ. ಇದನ್ನು ಜಾಹೀರಾತು ಹೇಳುವುದಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನಿಯಲ್ಲಿ ಆಲ್ಫ್ರೆಡ್ ನಿಸ್ಲೆ ಎಂಬ ವೈದ್ಯರಿದ್ದರು. ರಕ್ತಭೇದಿ ಹರಡಿದ್ದ ಕಡೆ ಇದ್ದೂ ಕಾಯಿಲೆ ಬೀಳದ ಒಬ್ಬ ಸೈನಿಕ ಅವರ ಕಣ್ಣಿಗೆ ಬಿದ್ದ. ಅವನ ಮಲದಿಂದ 1917ರಲ್ಲಿ ಅವರು ಇ. ಕೋಲೈ ತಳಿಯೊಂದನ್ನು ಬೇರ್ಪಡಿಸಿದರು. ಇವತ್ತಿಗೂ ಅದು ಔಷಧಿಯಾಗಿ ಬಳಕೆಯಲ್ಲಿದೆ. ದೊಡ್ಡ ಕರುಳಿನ ಹುಣ್ಣಿನ ಕಾಯಿಲೆಗೆ ಕೊಡುತ್ತಾರೆ. 2018ರಲ್ಲಿ ಸಿಂಗಪುರದ ವಿಜ್ಞಾನಿಗಳು ಇದೇ ತಳಿಯನ್ನು ಮಾರ್ಪಡಿಸಿದರು. ಅದು ಕ್ಯಾನ್ಸರ್ ಕೋಶಕ್ಕೆ ಹೋಗಿ ಅಂಟಿಕೊಳ್ಳುವಂತೆ ಮಾಡಿದರು. ಬ್ರೊಕೊಲಿಯಲ್ಲಿರುವ ಒಂದು ಪದಾರ್ಥವನ್ನು ಅಲ್ಲೇ ಕ್ಯಾನ್ಸರ್ ನಿರೋಧಕವಾಗಿ ಬದಲಿಸುವಂತೆಯೂ ಮಾಡಿದರು. ಇಲಿಗಳಲ್ಲಿ ಗಂತಿಗಳು ಕುಗ್ಗಿದವು.

ಈಗ ಕೇಳಿ. ಡಿಎನ್‌ಎಗೆ ಗುರುತು ಬೀಳಿಸುವ ಕೊಲಿಬ್ಯಾಕ್ಟಿನ್ ವಿಷದ ಮಾತು ಆಗಲೇ ಹೇಳಿದೆನಲ್ಲ? ಅದನ್ನು ತಯಾರಿಸುವ ಜೀನುಗಳು ನಿಸ್ಲೆ ತಳಿಯಲ್ಲೂ ಇವೆ. ಆ ಜೀನನ್ನು ಕೆಡಿಸಿ ನೋಡಿದರು. ಪ್ರಾಣಿಗಳಲ್ಲಿ ಅದರ ಒಳ್ಳೆಯ ಗುಣವೂ ಜೊತೆಗೇ ಹೋಯಿತು. ಈ ಔಷಧಿ ತೆಗೆದುಕೊಂಡವರಿಗೆ ಕ್ಯಾನ್ಸರ್ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಹೇಳುತ್ತಿರುವುದು ಬೇರೆ. ಒಳ್ಳೆಯದು, ಕೆಟ್ಟದ್ದು ಎಂದು ಬ್ಯಾಕ್ಟೀರಿಯಾವನ್ನು ಎರಡು ಸಾಲಿನಲ್ಲಿ ನಿಲ್ಲಿಸಲು ಬರುವುದಿಲ್ಲ. ಹೆಸರು ಒಂದೇ ಇದ್ದರೂ ತಳಿಯಿಂದ ತಳಿಗೆ ಗುಣ ಬೇರೆ. ಒಂದೇ ತಳಿಯಲ್ಲೂ ಎರಡು ಗುಣ.

ಅದಿರಲಿ. ಕುಡಿದ ಬ್ಯಾಕ್ಟೀರಿಯಾ ಒಳಗೆ ಹೋಗಿ ನೆಲೆಸುತ್ತದೆಯೇ? ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ಇದನ್ನು ಕರುಳಿನೊಳಗೇ ಇಣುಕಿ ನೋಡಿದರು. ಕೆಲವರ ಕರುಳು ಹೊಸಬರನ್ನು ಸೇರಿಸಿಕೊಂಡಿತು. ಕೆಲವರ ಕರುಳು ಹಾಗೇ ಹೊರಗೆ ಕಳಿಸಿತು. ಸೇರಿಸಿಕೊಂಡರೂ ಇವು ನೆಂಟರ ಹಾಗೆ. ನಾಲ್ಕು ದಿನ ಇದ್ದು, ಕೈಲಾದ ಉಪಕಾರ ಮಾಡಿ, ಹೊರಡುತ್ತವೆ. ಅವರು ಇನ್ನೊಂದು ಪರೀಕ್ಷೆಯನ್ನೂ ಮಾಡಿದರು. ಆಂಟಿಬಯೋಟಿಕ್ ಮುಗಿಸಿದವರಿಗೆ ಪ್ರೊಬಯಾಟಿಕ್ ಕೊಟ್ಟರು. ನಮ್ಮಲ್ಲೂ ಇದು ರೂಢಿ. ಅಂಥವರಲ್ಲಿ ಅವರ ಸ್ವಂತ ಬ್ಯಾಕ್ಟೀರಿಯಾಗಳು ಮರಳಿ ಬರುವುದು ಬೇಗ ಆಗಬೇಕಿತ್ತು. ತಡವಾಯಿತು.

ಕಾಯಿಲೆಯಲ್ಲಿರುವವರಿಗೆ ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ನೆದರ್‌ಲ್ಯಾಂಡ್ಸಿನಲ್ಲಿ ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತ ಇದ್ದ ಸುಮಾರು 300 ಜನರ ಮೇಲೆ ಒಂದು ಪರೀಕ್ಷೆ ನಡೆಯಿತು. 2008ರಲ್ಲಿ ಅದರ ಫಲ ಬಂತು. ಪ್ರೊಬಯಾಟಿಕ್ ಪಡೆದವರಲ್ಲಿ ಸಾವು ನೂರಕ್ಕೆ 16. ಪಡೆಯದವರಲ್ಲಿ ನೂರಕ್ಕೆ 6. ಕೀಮೊಥೆರಪಿ ನಡೆಯುತ್ತಿರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು, ಐಸಿಯುನಲ್ಲಿರುವವರು ತಾವಾಗಿ ಪ್ರೊಬಯಾಟಿಕ್ ಕ್ಯಾಪ್ಸೂಲ್ ನುಂಗಬಾರದು. ಅಪರೂಪಕ್ಕಾದರೂ ಆ ಜೀವಂತ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಸೋಂಕು ತರುತ್ತದೆ. ನಿಮಗೆ ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನು ಮೊದಲು ಕೇಳಿ.

ಹೊರಗಿನಿಂದ ಬರುವವರ ಮಾತು ಇಷ್ಟು. ಸುಳಿವು ಇದೆ, ಖಾತರಿ ಇಲ್ಲ. ಇನ್ನು ಒಳಗೇ ಇರುವವರ ಊಟದ ಕಡೆ ತಿರುಗೋಣ. ಈ ಮಾತೆಲ್ಲದರಲ್ಲಿ ನನಗೆ ತೂಕದ್ದು ಎನಿಸುವುದು ಇದೇ.

ಡೆನಿಸ್ ಬರ್ಕಿಟ್ ಎಂಬ ಐರಿಷ್ ಶಸ್ತ್ರವೈದ್ಯರು ಉಗಾಂಡಾದಲ್ಲಿ ಬಹುಕಾಲ ಕೆಲಸ ಮಾಡಿದರು. ಅಲ್ಲಿನ ಹಳ್ಳಿಗರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕಾಣುವುದೇ ಅಪರೂಪ ಎಂದು ಗಮನಿಸಿದರು. ಅವರ ಊಟದಲ್ಲಿ ನಾರು ಹೇರಳ. 1971ರಲ್ಲಿ ಬರ್ಕಿಟ್ ಇವೆರಡಕ್ಕೂ ಗಂಟು ಹಾಕಿ ಬರೆದರು. ಮಲದ ತೂಕ, ಅದು ಒಳಗೆ ಎಷ್ಟು ಹೊತ್ತು ಇರುತ್ತದೆ, ಎಲ್ಲವನ್ನೂ ಅಳೆದ ಮನುಷ್ಯ ಅವರು.

ಸುಮಾರು 45 ವರ್ಷಗಳ ನಂತರ, 2015ರಲ್ಲಿ, ಒಂದು ಸೊಗಸಾದ ಪ್ರಯೋಗದ ವರದಿ ಬಂತು. ಅಮೆರಿಕದ ಪಿಟ್ಸ್‌ಬರ್ಗಿನ 20 ಕಪ್ಪು ಜನ. ದಕ್ಷಿಣ ಆಫ್ರಿಕದ ಹಳ್ಳಿಯ 20 ಜನ. ಮೂಲ ಒಂದೇ ಖಂಡ, ಊಟ ಬೇರೆ. ಮೊದಲೇ ಕರುಳು ಪರೀಕ್ಷಿಸಿದಾಗ ಅಮೆರಿಕದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಪಾಲಿಪ್ ಇತ್ತು. ಆಫ್ರಿಕದ ಹಳ್ಳಿಗರಲ್ಲಿ ಒಬ್ಬರಿಗೂ ಇರಲಿಲ್ಲ. ಆಮೇಲೆ ಊಟ ಅದಲುಬದಲು ಮಾಡಿದರು. ಬರೀ ಎರಡು ವಾರ. ಅಮೆರಿಕದವರಿಗೆ ಆಫ್ರಿಕದ ಊಟ. ದಿನಕ್ಕೆ 55 ಗ್ರಾಂ ನಾರು, ಕೊಬ್ಬು ಕಡಿಮೆ. ಆಫ್ರಿಕದವರಿಗೆ ಅಮೆರಿಕದ ಊಟ. ಮಾಂಸ, ಕೊಬ್ಬು ಹೆಚ್ಚು, ನಾರು 12 ಗ್ರಾಂ.

ಎರಡೇ ವಾರದಲ್ಲಿ ಅಮೆರಿಕದವರ ಕರುಳಲ್ಲಿ ಬ್ಯೂಟಿರೇಟ್ ಎರಡೂವರೆ ಪಟ್ಟಾಯಿತು. ಉರಿಯೂತ ಇಳಿಯಿತು. ಕೋಶಗಳು ಅತಿಯಾಗಿ ಹುಟ್ಟುವುದೂ ಇಳಿಯಿತು. ಆಫ್ರಿಕದವರಲ್ಲಿ ಬ್ಯೂಟಿರೇಟ್ ಅರ್ಧಕ್ಕೆ ಬಂತು, ಉರಿಯೂತ ಏರಿತು. ಯಾರಿಗೂ ಬಾಟಲಿಯ ಬ್ಯಾಕ್ಟೀರಿಯಾ ಕೊಟ್ಟಿರಲಿಲ್ಲ. ಇದ್ದವುಗಳ ಊಟ ಬದಲಿಸಿದ್ದರು, ಅಷ್ಟೆ.

ನಾರಿನ ಕಥೆಯೂ ಪೂರ್ತಿ ಸಲೀಸಲ್ಲ. ಜಪಾನಿನ ಗೋಧಿ ತೌಡಿನ ವಿಚಾರ ಹೇಳಿದೆ. ಅಮೆರಿಕದಲ್ಲಿ ಸುಮಾರು ಎರಡು ಸಾವಿರ ಜನರನ್ನು ಆರಿಸಿ, ಅವರಲ್ಲಿ ಅರ್ಧದಷ್ಟು ಜನರಿಗೆ ನಾಲ್ಕು ವರ್ಷ ನಾರಿನ ಊಟ ಮಾಡಿಸಿದರು. ತೆಗೆದ ಪಾಲಿಪ್‌ಗಳು ಮತ್ತೆ ಬರುವುದೇನೂ ಕಡಿಮೆಯಾಗಲಿಲ್ಲ. 2000ದಲ್ಲಿ ಬಂದ ಆ ವರದಿ ಬಹಳ ಜನರನ್ನು ನಿರಾಶೆಗೊಳಿಸಿತು. ಆದರೆ ಹತ್ತಾರು ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2011ರಲ್ಲಿ ನೋಡಿದಾಗ ಚಿತ್ರ ಬೇರೆ. ದಿನದ ನಾರು 10 ಗ್ರಾಂ ಹೆಚ್ಚಿದರೆ ಈ ಕ್ಯಾನ್ಸರಿನ ಅಪಾಯ ನೂರಕ್ಕೆ 10ರಷ್ಟು ಕಡಿಮೆ. ಅದರಲ್ಲೂ ಇಡೀ ಧಾನ್ಯದ ನಾರಿನ ಲಾಭ ಹೆಚ್ಚು. ನನ್ನ ಅಭಿಪ್ರಾಯ ಹೇಳುತ್ತೇನೆ. ಐವತ್ತು ದಾಟಿ, ಗಂತಿ ಬಂದ ಮೇಲೆ ನಾಲ್ಕು ವರ್ಷ ತಿನ್ನುವ ತೌಡು ಬೇರೆ. ಹುಟ್ಟಿದಾಗಿನಿಂದ ತಿಂದು ಬಂದ ಊಟ ಬೇರೆ.

ನಾರಿನ ಊಟ ಎಂದರೆ ನಮಗೆ ದೂರದ ವಸ್ತುವೇ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿ ನೋಡಿದರೆ, 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ. ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಇಡೀ ಹೆಸರುಕಾಳಿನಲ್ಲಿ ಸುಮಾರು 17. ಮುದ್ದೆ, ಹುರುಳಿಕಾಳಿನ ಬಸ್ಸಾರು, ಜೊತೆಗೆ ಸೊಪ್ಪಿನ ಪಲ್ಯ. ಜೋಳದ ರೊಟ್ಟಿ, ಮಡಕೆಕಾಳು ಪಲ್ಯ. ಇಂಥ ಒಂದು ಊಟ ದಿನದ 30 ಗ್ರಾಂ ಗುರಿಯ ಬಹುಪಾಲನ್ನು ಮುಟ್ಟಿಸುತ್ತದೆ. ಬೇಯಿಸಿ ಆರಿಸಿದ ಅನ್ನದಲ್ಲೂ ಸ್ವಲ್ಪ ಪಿಷ್ಟ ಗಟ್ಟಿಯಾಗಿ, ಚಿಕ್ಕ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳನ್ನು ಸೇರುತ್ತದೆ. ಹಸಿ ಬಾಳೆಕಾಯಿಯಲ್ಲೂ ಅಂಥ ಪಿಷ್ಟ ಹೇರಳ. ಆದರೆ ನಗರಗಳ ತಟ್ಟೆಯಲ್ಲಿ ಮುದ್ದೆ ಸಣ್ಣದಾಗುತ್ತಿದೆ, ಬಿಳಿ ಅನ್ನ, ಮೈದಾ, ಕರಿದದ್ದು ದೊಡ್ಡದಾಗುತ್ತಿದೆ. ಸಾಸೇಜು, ಬೇಕನ್ನಿನಂಥ ಸಂಸ್ಕರಿಸಿದ ಮಾಂಸವೂ ಬಂದಿದೆ. ಅದನ್ನು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅದಕ್ಕೆ ಮುಖ್ಯ ಆಧಾರ ಇದೇ ದೊಡ್ಡ ಕರುಳಿನ ಕ್ಯಾನ್ಸರ್. ಮದ್ಯ ಅದಕ್ಕೂ ಬಹಳ ಮೊದಲೇ ಆ ಗುಂಪಿನಲ್ಲಿತ್ತು.

ಹಾಗಾದರೆ ನಮ್ಮ ಮೊಸರು ಪ್ರೊಬಯಾಟಿಕ್ ಹೌದೋ ಅಲ್ಲವೋ? ಕಟ್ಟುನಿಟ್ಟಾಗಿ ಹೇಳಿದರೆ ಅಲ್ಲ. ಮನೆಯ ಹೆಪ್ಪಿನಲ್ಲಿ ಯಾವ ತಳಿ, ಎಷ್ಟು ಎಂದು ಯಾರೂ ಎಣಿಸಿರುವುದಿಲ್ಲ. ಒಂದು ಮನೆಯ ಹೆಪ್ಪು ಇನ್ನೊಂದರಂತಿಲ್ಲ. ಬೇಸಗೆಯ ಮೊಸರು ಚಳಿಗಾಲದ್ದರಂತಿಲ್ಲ. ಪ್ರೊಬಯಾಟಿಕ್ ಎಂದು ಮಾರಬೇಕಾದರೆ ನಮ್ಮ ದೇಶದ ನಿಯಮದಂತೆ ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಕೋಶ ಇರಬೇಕು. ಕೊಳ್ಳುವುದಾದರೆ ತಳಿಯ ಪೂರ್ತಿ ಹೆಸರು ಬರೆದಿದೆಯೇ, ಸಕ್ಕರೆ ಎಷ್ಟು ಎಂದು ನೋಡಿ. ಆರೋಗ್ಯಕ್ಕೆಂದು ಕೊಂಡ ಪಾನೀಯದಲ್ಲಿ ಸಕ್ಕರೆ ತುಂಬಿರುವುದು ಅಪರೂಪವೇನಲ್ಲ. ಇಡ್ಲಿ ಹಿಟ್ಟು ಹುದುಗುವುದೂ ಬ್ಯಾಕ್ಟೀರಿಯಾದಿಂದ. ಆದರೆ ಹಬೆಯಲ್ಲಿ ಅವೆಲ್ಲ ಸಾಯುತ್ತವೆ. ಮಜ್ಜಿಗೆಹುಳಿಯಲ್ಲಿ ಮಜ್ಜಿಗೆ ಕುದಿಯುತ್ತದೆ. ಅದಕ್ಕೆ ಹೋಲಿಸಿದರೆ ಊಟದ ಕೊನೆಯ ನೀರುಮಜ್ಜಿಗೆಯಲ್ಲಿ ಜೀವ ಹೆಚ್ಚು. ತಣಿದ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿಯುವ ರೂಢಿ ನಮ್ಮಲ್ಲಿದೆ. ಅದರಲ್ಲಿ ಬ್ಯಾಕ್ಟೀರಿಯಾವೂ ಉಂಟು, ಅದರ ಊಟವೂ ಉಂಟು. ಮೊಸರು ತಿನ್ನಿ. ಕಾಸು ಕಡಿಮೆ, ರುಚಿ ಇದೆ, ಸುಣ್ಣದ ಸತ್ವ ಇದೆ. ಕ್ಯಾನ್ಸರ್ ವಿಮೆ ಎಂದು ಮಾತ್ರ ತಿನ್ನಬೇಡಿ.

ಯಾಕೆಂದರೆ ಮೊಸರೂ ನಾರೂ ಮಾಡಲಾಗದ ಒಂದು ಕೆಲಸ ಇದೆ. ಈಗಾಗಲೇ ಬೆಳೆದ ಪಾಲಿಪ್ಪನ್ನು ಅವು ತೆಗೆಯಲಾರವು. ಅದನ್ನು ತೆಗೆಯುವುದು ಕೊಲೊನೋಸ್ಕೋಪಿ. ಬೆರಳು ದಪ್ಪದ, ಬಳುಕುವ ಕೊಳವೆ. ತುದಿಯಲ್ಲಿ ಕ್ಯಾಮೆರಾ, ದೀಪ, ಒಂದು ಸಣ್ಣ ತಂತಿಯ ಕುಣಿಕೆ. ಆಗಲೇ ಹೇಳಿದ ಹತ್ತು ವರ್ಷದ ಅವಧಿಯಲ್ಲಿ ಯಾವಾಗಲಾದರೂ ಪಾಲಿಪ್ ಕಂಡರೆ, ಅದೇ ಕುಣಿಕೆಯಿಂದ ತೆಗೆದುಬಿಡಬಹುದು. ಅಮೆರಿಕದಲ್ಲಿ 45 ದಾಟಿದವರಿಗೆಲ್ಲ ತಪಾಸಣೆ ಮಾಡಿಸಿ ಎನ್ನುತ್ತಾರೆ. ನಮ್ಮ ಸರ್ಕಾರದ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕಂಠಕ್ಕೆ ಸೀಮಿತ. ಕರುಳಿನ ವಿಷಯದಲ್ಲಿ ನಮ್ಮ ಎಚ್ಚರ ನಮಗೆ.

ಮಲದಲ್ಲಿ ರಕ್ತ ಕಂಡರೆ ನಮ್ಮ ಜನ ಮೊದಲು ಹೇಳುವುದು ಮೂಲವ್ಯಾಧಿ ಎಂದು. ಬಹುಪಾಲು ಸಲ ಅದೇ ನಿಜ. ಆದರೆ ನೋಡದೆ ಹೇಳಲಾಗದು. ಮೂಲವ್ಯಾಧಿಗೆಂದು ಬೋರ್ಡು ಹಾಕಿಕೊಂಡು ಇಂಜೆಕ್ಷನ್ ಕೊಡುವವರ ಬಳಿ ಆರು ತಿಂಗಳು ಕಳೆದು, ಕೊನೆಗೆ ಕ್ಯಾನ್ಸರ್ ಆಸ್ಪತ್ರೆ ಮೆಟ್ಟಿಲು ಹತ್ತುವವರು ಈಗಲೂ ಇದ್ದಾರೆ. ಮಲವಿಸರ್ಜನೆಯ ರೂಢಿ ಕೆಲವು ವಾರಗಳಿಂದ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ರಕ್ತಹೀನತೆ ಮಾತ್ರೆಗೆ ಬಗ್ಗದಿದ್ದರೆ, ವೈದ್ಯರಿಗೆ ತೋರಿಸಿ. ಅದರಲ್ಲೂ ನಡುವಯಸ್ಸು ದಾಟಿದ ಗಂಡಸರಲ್ಲಿ ರಕ್ತಹೀನತೆ ಕಂಡರೆ ತಡ ಮಾಡಬೇಡಿ. ಬಲಗಡೆಯ ಕರುಳಿನ ಕ್ಯಾನ್ಸರ್ ಒಮ್ಮೊಮ್ಮೆ ಬರೀ ಸುಸ್ತಾಗಿಯೇ ಶುರುವಾಗುತ್ತದೆ.

ಕುಟುಂಬದಲ್ಲಿ ತಂದೆ, ತಾಯಿ, ಅಣ್ಣ, ತಂಗಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ ನಿಮ್ಮ ತಪಾಸಣೆ 40ಕ್ಕೇ ಶುರುವಾಗಬೇಕು. ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ. ಎರಡರಲ್ಲಿ ಯಾವುದು ಮುಂಚೆಯೋ ಅದು. ಅಪ್ಪನಿಗೆ 48ಕ್ಕೆ ಬಂದಿದ್ದರೆ ಮಕ್ಕಳು 38ಕ್ಕೆ ಮಾಡಿಸಿಕೊಳ್ಳಬೇಕು, ಅವರು ದಿನಾ ಎಷ್ಟೇ ಮೊಸರು ತಿನ್ನುತ್ತಿರಲಿ.